ಮೈಮೇಲೆ ಕಾಣುವ ರೋಗ, ಪರೀಕ್ಷೆಗೆ ನಿಂತ ಮದ್ದು

ವಿಜಯವಾಡದಲ್ಲಿ ಕೃಷ್ಣಾನದಿಯ ದಡಕ್ಕೆ ಒತ್ತಿ ನಿಂತಿರುವ ಇಂದ್ರಕೀಲಾದ್ರಿಗೆ ಹರಕೆ ಹೊತ್ತು ಬರುವ ಭಕ್ತರಲ್ಲಿ ಅನೇಕರು, ಬಾಲರು ವೃದ್ಧರು ಸ್ತ್ರೀಯರು ಪುರುಷರು ಎಂಬ ಭೇದವಿಲ್ಲದೆ, ತಲೆಗೂದಲನ್ನು ಕನಕದುರ್ಗೆಗೆ ಮುಡಿಯಾಗಿ ಒಪ್ಪಿಸಿ, ನದಿಯಲ್ಲಿ ಮಿಂದು ದೇವಿಯ ದರ್ಶನ ಮಾಡುತ್ತಾರೆ. ಹಾಗೆ ಮುಡಿ ಕೊಟ್ಟು ಊರಿಗೆ ಮರಳಿದವರನ್ನು ಕಂಡು ಯಾರೂ ನಗುವುದಿಲ್ಲ. ಅವರಿಗೂ ತಮ್ಮ ತಲೆ ಬರಿದಾಯಿತೆಂಬ ಸಂಕೋಚವಿಲ್ಲ. ಆದರೆ ಅದೇ ತಲೆ ವ್ಯಾಧಿಯಿಂದ ಬರಿದಾದಾಗ, ಮದುವೆಯ ವಯಸ್ಸಿನ ಹೆಣ್ಣುಮಗಳ ನೆತ್ತಿಯಲ್ಲಿ ನಾಣ್ಯದಗಲದ ಬೋಳು ಕಾಣಿಸಿಕೊಂಡಾಗ, ಅಥವಾ ಮೊಣಕೈ ಮೊಣಕಾಲುಗಳ ಮೇಲೆ ಸೋರಿಯಾಸಿಸ್ಸಿನ ಹೊಟ್ಟು ಪದರಪದರವಾಗಿ ಎದ್ದಾಗ, ಮನೆಯವರು ಮೊದಲು ನೆನೆಯುವುದು ವೈದ್ಯನನ್ನಲ್ಲ, ನೆರೆಹೊರೆಯವರ ಕಣ್ಣುಗಳನ್ನು. ಸಂಕಟದ ಬಹುಭಾಗ ಕೂದಲಿನ ಅಭಾವದಲ್ಲಿಯೂ ಚರ್ಮದ ಕಲೆಯಲ್ಲಿಯೂ ಇಲ್ಲದೆ ಸಮಾಜದ ನೋಟದಲ್ಲಿಯೇ ಇರುವುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಈ ಲಜ್ಜೆಯಿಂದ ಹುಟ್ಟುವುದು ಅವಸರ. ಅವಸರದಿಂದ ಹುಟ್ಟುವುದು, ಹೆಸರೇ ತಿಳಿಯದ ಎಣ್ಣೆಗಳಿಗೂ ಚೀಟಿಯಿಲ್ಲದೆ ಮೆಡಿಕಲ್ ಶಾಪಿನಲ್ಲಿ ದೊರೆಯುವ ಮುಲಾಮುಗಳಿಗೂ ಮೈಯನ್ನೊಪ್ಪಿಸುವ ದುರಭ್ಯಾಸ. ಪ್ರಾಣಾಪಾಯವಿಲ್ಲದ ರೋಗಗಳೆಂದು ಇವುಗಳನ್ನು ಲಘುವಾಗಿ ಎಣಿಸುವ ಸರಕಾರವೂ, ಸೌಂದರ್ಯದ ಚಪಲವೆಂದು ಹಗುರವಾಗಿ ಮಾತಾಡುವ ವಿದ್ಯಾವಂತರೂ, ಬಾಯಿಗೆ ಬಂದ ಭರವಸೆಯನ್ನು ಮಾರುವ ವ್ಯಾಪಾರಿಗಳೂ ಮೂವರೂ ಒಂದೇ ತಪ್ಪಿನಲ್ಲಿ ಪಾಲುಗಾರರೆಂಬುದು ನನ್ನ ದೃಢವಾದ ಅಭಿಪ್ರಾಯ. ಕೂದಲಿನ ಮತ್ತು ಚರ್ಮದ ರೋಗಗಳಿಗೂ, ಹೃದ್ರೋಗಕ್ಕೆ ನಾವು ಸಲ್ಲಿಸುವಷ್ಟೇ ಗಂಭೀರವಾದ ಸಂಶೋಧನೆಯೂ ಕಟ್ಟುನಿಟ್ಟಾದ ಪರೀಕ್ಷೆಯೂ ಸಲ್ಲತಕ್ಕದ್ದು. ಇದನ್ನು ಪ್ರತಿಪಾದಿಸುವುದೇ ಈ ಲೇಖನದ ಉದ್ದೇಶ.

ಮೊದಲು ಕೂದಲಿನ ವಿಚಾರವನ್ನೇ ನೋಡೋಣ. ನಮ್ಮ ತಲೆಯ ಮೇಲೆ ಸುಮಾರು ಒಂದು ಲಕ್ಷ ಕೂದಲುಗಳಿರುತ್ತವೆ. ಹೊರಗೆ ಕಾಣುವ ಎಳೆ ಜೀವವಿಲ್ಲದ ಕೆರಾಟಿನ್ ಮಾತ್ರ. ಜೀವವಿರುವುದು ಚರ್ಮದ ಕೆಳಗೆ ಹುದುಗಿರುವ ಬುಡದಲ್ಲಿ. ಪ್ರತಿಯೊಂದು ಬುಡವೂ ಕೆಲವು ವರ್ಷಗಳ ಕಾಲ ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಿನಂತೆ ಎಳೆಯನ್ನು ಬೆಳೆಸಿ, ಅನಂತರ ಸುಮಾರು ಮೂರು ತಿಂಗಳು ವಿಶ್ರಮಿಸಿ, ಹಳೆಯ ಎಳೆಯನ್ನು ಕಳಚಿ ಹೊಸದನ್ನು ಪ್ರಾರಂಭಿಸುತ್ತದೆ. ಆರೋಗ್ಯವಂತನ ತಲೆಯಿಂದಲೂ ದಿನಕ್ಕೆ 50ರಿಂದ 100 ಕೂದಲು ಉದುರುವುದು ಈ ಕಾರಣದಿಂದ. ಮುಡಿ ಕೊಟ್ಟವರ ಕೂದಲು ಮತ್ತೆ ಬರುವುದೂ, ಕ್ಷೌರದ ಕತ್ತಿ ಬುಡವನ್ನು ಮುಟ್ಟಲಾರದಾದ್ದರಿಂದಲೇ. ಬೋಳಿಸಿದರೆ ಕೂದಲು ದಟ್ಟವಾಗಿ ಬರುವುದೆಂಬ ನಂಬಿಕೆ ನಮ್ಮಲ್ಲಿ ಮನೆಮನೆಯಲ್ಲಿಯೂ ಉಂಟು. ಅಮೆರಿಕದ ಶರೀರರಚನಾಶಾಸ್ತ್ರಜ್ಞೆ ಮಿಲ್ಡ್ರೆಡ್ ಟ್ರಾಟರ್ 1928ರಷ್ಟು ಹಿಂದೆಯೇ ಇದನ್ನು ಅಳೆದು ನೋಡಿ, ಕ್ಷೌರದಿಂದ ಕೂದಲಿನ ಗಾತ್ರವಾಗಲಿ ವೇಗವಾಗಲಿ ಬದಲಾಗುವುದಿಲ್ಲವೆಂದು ತೋರಿಸಿದರು. ಮುಡಿಯ ಹರಕೆಯ ಮಹತ್ವಕ್ಕೆ ಇದರಿಂದ ಕುಂದೇನೂ ಇಲ್ಲ. ಅದರ ಅರ್ಥವಿರುವುದು ಸಮರ್ಪಣೆಯಲ್ಲಿಯೇ ಹೊರತು ಕೇಶವೃದ್ಧಿಯಲ್ಲಿ ಅಲ್ಲ.

ಈ ಚಕ್ರದ ತಿಳಿವಳಿಕೆಯಿಂದ ಇನ್ನೊಂದು ಮುಖ್ಯವಾದ ಸಂಗತಿ ಹೊರಡುತ್ತದೆ. ಟೈಫಾಯ್ಡಿನಂಥ ತೀವ್ರವಾದ ಜ್ವರ, ಹೆರಿಗೆ, ದೊಡ್ಡ ಶಸ್ತ್ರಚಿಕಿತ್ಸೆ ಮೊದಲಾದ ಆಘಾತಗಳಾದ ಎರಡು ಮೂರು ತಿಂಗಳ ತರುವಾಯ, ಅಸಂಖ್ಯಾತ ಬುಡಗಳು ಒಮ್ಮೆಲೇ ವಿಶ್ರಾಂತಿಗೆ ಸರಿದಿರುವುದರಿಂದ, ಕೂದಲು ಹಿಡಿಹಿಡಿಯಾಗಿ ಉದುರುವುದುಂಟು. ಕೋವಿಡ್ ಜ್ವರದ ಬಳಿಕ ಇದನ್ನು ಕಂಡು ಹೆದರಿದವರು ನಮ್ಮ ಸುತ್ತಲೂ ಇದ್ದಾರೆ. ಬೇರೆ ಕಾರಣವಿಲ್ಲದಿದ್ದಲ್ಲಿ ಇದು ಕೆಲವು ತಿಂಗಳುಗಳಲ್ಲಿ ತಾನಾಗಿಯೇ ನಿಲ್ಲುತ್ತದೆ. ಹೊಸ ಕೂದಲು ಬರುತ್ತದೆ. ಆ ನಡುವೆ ರೋಗಿ ಯಾವ ಎಣ್ಣೆಯನ್ನು ಹಚ್ಚಿಕೊಂಡಿದ್ದರೂ ಕೀರ್ತಿ ಆ ಎಣ್ಣೆಗೆ ಸಲ್ಲುತ್ತದೆ. ಹಚ್ಚಿಕೊಂಡವನು ಸುಳ್ಳು ಹೇಳುತ್ತಿಲ್ಲ. ತಾನು ಕಂಡದ್ದನ್ನೇ ಹೇಳುತ್ತಿದ್ದಾನೆ. ಆದರೆ ಕಂಡದ್ದು ಒಂದು, ಕಾರಣ ಬೇರೊಂದು. ಪ್ರಾಮಾಣಿಕರ ಸಾಕ್ಷ್ಯವೂ ಮದ್ದಿನ ಗುಣಕ್ಕೆ ಪ್ರಮಾಣವಾಗಲಾರದೆಂಬ ಈ ಕಠಿಣವಾದ ಸತ್ಯವನ್ನು ಅರಿತುದರಿಂದಲೇ ಆಧುನಿಕ ವೈದ್ಯಶಾಸ್ತ್ರವು, ಒಂದೇ ಬಗೆಯ ರೋಗಿಗಳನ್ನು ಚೀಟಿಯೆತ್ತಿದಂತೆ ಎರಡು ತಂಡಗಳಾಗಿ ವಿಂಗಡಿಸಿ, ಒಂದಕ್ಕೆ ಮದ್ದನ್ನೂ ಮತ್ತೊಂದಕ್ಕೆ ನೋಡಲು ಹಾಗೆಯೇ ಇರುವ ನಿರ್ಗುಣವಾದ ಗುಳಿಗೆಯನ್ನೂ ಕೊಟ್ಟು, ಕೊಟ್ಟವರಿಗೂ ಕೊಂಡವರಿಗೂ ಯಾವುದು ಯಾವುದೆಂದು ತಿಳಿಯದಂತೆ ನಡೆಸಿ, ಕೊನೆಯಲ್ಲಿ ಲೆಕ್ಕ ನೋಡುವ ಕ್ರಮವನ್ನು ರೂಢಿಸಿಕೊಂಡಿತು.

ಈ ಸಂದರ್ಭದಲ್ಲಿ ಇಂದ್ರಕೀಲದ ಪುರಾಣ ನೆನಪಾಗುವುದು ಸಹಜ. ಅರ್ಜುನನು ಪಾಶುಪತಾಸ್ತ್ರಕ್ಕಾಗಿ ತಪಸ್ಸು ಮಾಡಿದುದು ಇಲ್ಲಿಯೇ ಎಂಬುದು ಈ ಕ್ಷೇತ್ರದ ನಂಬಿಕೆ. ಆ ಕಥೆಯನ್ನು ಕನ್ನಡಿಗರಿಗೆ ಹತ್ತನೆಯ ಶತಮಾನದಲ್ಲಿ ಹೇಳಿದ ಪಂಪನ ಪೂರ್ವಿಕರು ಕೂಡ ಕೃಷ್ಣಾ ಗೋದಾವರಿಗಳ ನಡುವಣ ಈ ವೆಂಗಿಮಂಡಲದವರೇ ಆಗಿದ್ದರು. ಬೇಡಿದೊಡನೆ ಶಿವನು ಅಸ್ತ್ರವನ್ನು ಕೊಡಲಿಲ್ಲ; ಕಿರಾತವೇಷದಲ್ಲಿ ಬಂದು, ಕಾಡುಹಂದಿಯ ನೆವದಿಂದ ಕಾದಾಡಿ, ಬೇಡಿದವನ ಸತ್ತ್ವವನ್ನು ಪೂರ್ತಿಯಾಗಿ ಪರೀಕ್ಷಿಸಿದ ಬಳಿಕವೇ ಕೊಟ್ಟನು; ಕೊಡುವಾಗಲೂ, ಅವಸರದಿಂದಲೋ ದುರ್ಬಲನ ಮೇಲೆಯೋ ಪ್ರಯೋಗಿಸಿದರೆ ಲೋಕವೇ ನಾಶವಾದೀತೆಂದು ಎಚ್ಚರಿಸಿಯೇ ಕೊಟ್ಟನು. ಔಷಧದ ವಿಷಯದಲ್ಲಿ ನಮಗೆ ಬೇಕಾದ ವಿವೇಕವೂ ಇಂಥದೇ: ಕೊಡುವ ಮೊದಲು ಪರೀಕ್ಷೆ, ಕೊಟ್ಟ ಮೇಲೆ ಪ್ರಯೋಗದ ನಿಯಮ.

ಈ ಎರಡಕ್ಕೂ ಉಜ್ಜ್ವಲವಾದ ಉದಾಹರಣೆಯೊಂದು ಇಂದ್ರಕೀಲಾದ್ರಿಯಿಂದ ಸುಮಾರು ನೂರು ಕಿಲೋಮೀಟರುಗಳಾಚೆಯ ಭೀಮಾವರದಲ್ಲಿ, 1895ರ ಜನವರಿ 12ರಂದು ಜನಿಸಿದ ಯೆಲ್ಲಾಪ್ರಗಡ ಸುಬ್ಬರಾವ್ ಅವರ ಬಾಳಿನಲ್ಲಿದೆ. ಬಡತನದಲ್ಲಿ ಬೆಳೆದು ಮದರಾಸಿನ ವೈದ್ಯಕೀಯ ಕಾಲೇಜನ್ನು ಸೇರಿದ ಈತ, ಗಾಂಧಿಯವರ ಕರೆಗೆ ಓಗೊಟ್ಟು ಖಾದಿಯನ್ನುಟ್ಟು ಆಂಗ್ಲ ಪ್ರಾಧ್ಯಾಪಕರ ಅಸಮಾಧಾನಕ್ಕೆ ಪಾತ್ರರಾಗಿ, ಪೂರ್ಣ ಪದವಿಯ ಬದಲು ಎಲ್.ಎಂ.ಎಸ್. ಮಾತ್ರ ಪಡೆದರು, ಮದರಾಸಿನ ಆಯುರ್ವೇದ ಕಾಲೇಜಿನಲ್ಲಿ ಪಾಠ ಹೇಳಿದರು, 1922ರಲ್ಲಿ ಬಾಸ್ಟನ್ನಿಗೆ ಹಡಗು ಹತ್ತಿದರು. ಹಾರ್ವರ್ಡಿನಲ್ಲಿ ಸೈರಸ್ ಫಿಸ್ಕೆಯವರೊಡನೆ ರಕ್ತದಲ್ಲಿನ ರಂಜಕವನ್ನು ಅಳೆಯುವ ವಿಧಾನವನ್ನು ರೂಪಿಸಿದ ಅವರು 1940ರಲ್ಲಿ ಲೆಡರ್ಲೆ ಪ್ರಯೋಗಾಲಯಕ್ಕೆ ಬಂದು, ಸಂಶೋಧನೆಯ ನೇತೃತ್ವ ವಹಿಸಿದರು. ಸ್ವದೇಶಕ್ಕೆ ಮತ್ತೆ ಬರಲಿಲ್ಲ. 1948ರ ಆಗಸ್ಟಿನಲ್ಲಿ, ಐವತ್ತಮೂರನೆಯ ವಯಸ್ಸಿನಲ್ಲಿ ಅಲ್ಲಿಯೇ ತೀರಿಕೊಂಡರು. 1995ರಲ್ಲಿ, ಜನ್ಮಶತಾಬ್ದಿಯ ಸಂದರ್ಭದಲ್ಲಿ, ಭಾರತದ ಅಂಚೆ ಇಲಾಖೆ ಅವರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರತಂದಿತು.

ಅವರ ಸೋದರನನ್ನು ಬಲಿತೆಗೆದುಕೊಂಡ ಉಷ್ಣವಲಯದ ಸ್ಪ್ರೂ ಎಂಬ ಕ್ಷಯಿಸುವ ರೋಗದ ನೆನಪು ಅವರನ್ನು ಫೋಲಿಕ್ ಆಮ್ಲದ ಶೋಧಕ್ಕೆ ಪ್ರೇರಿಸಿತು. ಅವರ ತಂಡ ಆ ಜೀವಸತ್ತ್ವವನ್ನು ಪ್ರಯೋಗಾಲಯದಲ್ಲಿಯೇ ರಚಿಸಿತು. ಅನಂತರ ಅದರ ರೂಪವನ್ನೇ ಹೋಲುವ, ಆದರೆ ಅದರ ಕೆಲಸಕ್ಕೆ ಅಡ್ಡಿಯಾಗುವ ಅಣುಗಳನ್ನು ಹುಡುಕಿತು. ಡೋರಿಸ್ ಸೀಗರ್ ಎಂಬ ರಸಾಯನಶಾಸ್ತ್ರಜ್ಞೆ ಆ ಪ್ರಯೋಗಾಲಯದಲ್ಲಿ ಅಮಿನೊಪ್ಟೆರಿನ್ ಎಂಬುದನ್ನು ತಯಾರಿಸಿದರು. ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಅದನ್ನು ರಕ್ತದ ಕ್ಯಾನ್ಸರಿಗೆ ತುತ್ತಾಗಿದ್ದ 16 ಮಕ್ಕಳಿಗೆ ಕೊಟ್ಟು, ಅವರಲ್ಲಿ 10 ಮಕ್ಕಳಿಗೆ ತಾತ್ಕಾಲಿಕವಾಗಿಯಾದರೂ ಉಪಶಮನ ದೊರೆತುದನ್ನು 1948ರಲ್ಲಿ ಪ್ರಕಟಿಸಿದರು. ಅದರ ಸೋದರ ಅಣುವೇ ಮೆಥೊಟ್ರೆಕ್ಸೇಟ್.

ಇಲ್ಲಿಯವರೆಗಿನದು ಕ್ಯಾನ್ಸರಿನ ಕಥೆ. 1951ರಲ್ಲಿ ಅಮೆರಿಕದ ರಿಚರ್ಡ್ ಗುಬ್ನರ್ ಎಂಬ ವೈದ್ಯರು ಕೀಲುವಾತದ ರೋಗಿಗಳಿಗೆ ಅಮಿನೊಪ್ಟೆರಿನ್ ಕೊಡುತ್ತಿರುವಾಗ, ಸೋರಿಯಾಸಿಸ್ ಕೂಡ ಇದ್ದವರ ಚರ್ಮ ತಿಳಿಯಾಗುತ್ತಿರುವುದನ್ನು ಗಮನಿಸಿದರು. ಸ್ವಸ್ಥವಾದ ಚರ್ಮದಲ್ಲಿ ಕೆಳಪದರದ ಕೋಶವೊಂದು ಮೇಲೆ ಬಂದು ಕಳಚಿಹೋಗಲು ಸುಮಾರು ನಾಲ್ಕು ವಾರ ಬೇಕು. ಸೋರಿಯಾಸಿಸ್ಸಿನಲ್ಲಿ ಅದು ಕೆಲವೇ ದಿನಗಳಲ್ಲಿ ಮುಗಿಯುತ್ತದೆ. ಹಾಗೆ ಪಕ್ವವಾಗದೆ ನುಗ್ಗಿ ಬಂದ ಕೋಶಗಳ ರಾಶಿಯೇ ಬೆಳ್ಳಿಯಂಥ ಆ ಹೊಟ್ಟು. ಆ ಧಾವಂತವನ್ನೂ, ಅದರ ಹಿಂದೆ ನಿಂತು ಚುಚ್ಚುವ ರಕ್ಷಣಾಕೋಶಗಳ ಉದ್ರೇಕವನ್ನೂ ತಗ್ಗಿಸುವುದು ಮೆಥೊಟ್ರೆಕ್ಸೇಟಿನ ಕೆಲಸ. ಪರೀಕ್ಷೆಯ ಮೇಲೆ ಪರೀಕ್ಷೆ ನಡೆದು, ಸುಮಾರು ಎರಡು ದಶಕಗಳ ಬಳಿಕ, 1970ರ ದಶಕದ ಪ್ರಾರಂಭದಲ್ಲಿ ಅಮೆರಿಕದಲ್ಲಿ ಸೋರಿಯಾಸಿಸ್ಸಿಗೆ ಅದರ ಬಳಕೆಗೆ ಅಧಿಕೃತವಾದ ಅನುಮತಿ ಬಂದಿತು. ಬೆಲೆ ಕಡಿಮೆಯಾದ ಈ ಗುಳಿಗೆ ಇಂದಿಗೂ ನಮ್ಮ ಸರಕಾರಿ ಆಸ್ಪತ್ರೆಗಳಲ್ಲಿ ತೀವ್ರವಾದ ಸೋರಿಯಾಸಿಸ್ಸಿಗೆ ಆಧಾರವಾಗಿದೆ. ಭೀಮಾವರದ ಮಗನೊಬ್ಬನ ತಂಡದ ದುಡಿಮೆಯ ಫಲ ಸಮುದ್ರದಾಚೆಯಿಂದ ಮರಳಿ ಬಂದು ಅದೇ ಕರಾವಳಿಯ ಜನರ ಮೈಯನ್ನು ಸವರುತ್ತಿದೆಯೆಂಬುದನ್ನು ಆಂಧ್ರದವರೂ ನಾವೂ ಅಭಿಮಾನದಿಂದ ನೆನೆಯಬೇಕು.

ಆದರೆ ಅಸ್ತ್ರದೊಡನೆ ಬಂದ ನಿಯಮವನ್ನು ಮರೆಯಲಾಗದು. ಸೋರಿಯಾಸಿಸ್ಸಿಗೆ ಮೆಥೊಟ್ರೆಕ್ಸೇಟನ್ನು ಕೊಡುವುದು ವಾರಕ್ಕೊಮ್ಮೆ. ಇದನ್ನರಿಯದೆ ಪ್ರತಿದಿನವೂ ನುಂಗಿ ಪ್ರಾಣ ಕಳೆದುಕೊಂಡವರಿದ್ದಾರೆ. ಆಗಾಗ ರಕ್ತಪರೀಕ್ಷೆ ಬೇಕು, ಯಕೃತ್ತಿನ ಮೇಲೆ ಕಣ್ಣಿಡಬೇಕು, ಮದ್ಯವನ್ನು ಬಿಡಬೇಕು. ಗರ್ಭಿಣಿಯರಿಗೆ ಅದು ನಿಷಿದ್ಧ. ಕ್ಯಾನ್ಸರಿಗಾಗಿ ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟಾಗ, ವೇಗವಾಗಿ ವೃದ್ಧಿಯಾಗುವ ಕೂದಲಬುಡದ ಕೋಶಗಳನ್ನೂ ತಡೆದು ಕೂದಲನ್ನು ಉದುರಿಸಬಲ್ಲ ಅದೇ ಔಷಧವನ್ನು, ವಾರಕ್ಕೊಮ್ಮೆ ಅಲ್ಪ ಪ್ರಮಾಣದಲ್ಲಿ, ಕೂದಲುದುರುವ ಒಂದು ರೋಗದ ಚಿಕಿತ್ಸೆಗೇ ವೈದ್ಯರು ಬಳಸುವುದುಂಟು. ಮದ್ದಿನ ಗುಣವಿರುವುದು ಮದ್ದಿನಲ್ಲಿ ಮಾತ್ರವಲ್ಲ, ಅಳತೆಯಲ್ಲಿ. ಅಳತೆಯನ್ನು ತಿಳಿಸುವುದು ಪರೀಕ್ಷೆಯೊಂದೇ.

ಆ ರೋಗ, ಆಯುರ್ವೇದವು ಇಂದ್ರಲುಪ್ತವೆಂದು ಕರೆದಿರುವ, ವೈದ್ಯರು ಅಲೊಪೀಸಿಯಾ ಏರಿಯೇಟಾ ಎನ್ನುವ ದುಂಡನೆಯ ಬೋಳು. ಹುಳು ತಿಂದು ಕೂದಲು ಹೋಯಿತೆಂದು ನಮ್ಮ ಹಳ್ಳಿಗಳಲ್ಲಿ ನಂಬಿಕೆ. ಆಂಧ್ರದಲ್ಲಿ ಹೇನಿನ ಮೇಲೆ ಆರೋಪ. ಹುಳುವನ್ನು ಕೊಲ್ಲಲೆಂದು ಉರಿಯುವ ಪದಾರ್ಥಗಳನ್ನು ತಿಕ್ಕಿ ಮಗುವಿನ ನೆತ್ತಿಯನ್ನು ಸುಡುವವರೂ ಉಂಟು. ನಿಜಕ್ಕೂ ಅಲ್ಲಿ ಯಾವ ಹುಳವೂ ಇಲ್ಲ; ದೇಹದ ರಕ್ಷಣಾಕೋಶಗಳೇ ದಾರಿ ತಪ್ಪಿ ಅದೇ ದೇಹದ ಕೂದಲಬುಡಗಳ ಮೇಲೆ ಎರಗಿರುತ್ತವೆ. 2014ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಆಂಜೆಲಾ ಕ್ರಿಸ್ಟಿಯಾನೊ ಮತ್ತು ಅವರ ಸಹೋದ್ಯೋಗಿಗಳು, ಆ ಕೋಶಗಳೊಳಗೆ ಸಂದೇಶವನ್ನೊಯ್ಯುವ ಜಾಕ್ ಎಂಬ ಕಿಣ್ವಗಳನ್ನು ತಡೆದರೆ ಕೂದಲು ಮರಳುವುದನ್ನು ಮೊದಲು ಇಲಿಗಳಲ್ಲಿ, ಬಳಿಕ ಕೆಲವೇ ರೋಗಿಗಳಲ್ಲಿ ತೋರಿಸಿದರು. ಆ ಬಗೆಯ ಬ್ಯಾರಿಸಿಟಿನಿಬ್ ಎಂಬ ಗುಳಿಗೆಯನ್ನು, ತಲೆಯ ಅರ್ಧ ಅಥವಾ ಅದಕ್ಕಿಂತ ಹೆಚ್ಚು ಕೂದಲನ್ನು ಕಳೆದುಕೊಂಡಿದ್ದ ಸುಮಾರು 1200 ಜನರ ಮೇಲೆ ಎರಡು ದೊಡ್ಡ ಪರೀಕ್ಷೆಗಳಲ್ಲಿ ನೋಡಲಾಯಿತು. 36 ವಾರಗಳ ಕೊನೆಯಲ್ಲಿ ಹೆಚ್ಚಿನ ಪ್ರಮಾಣದ ಮದ್ದು ಪಡೆದವರಲ್ಲಿ ನೂರಕ್ಕೆ ಮೂವತ್ತಾರರಿಂದ ಮೂವತ್ತೊಂಬತ್ತು ಮಂದಿಯ ತಲೆ ಬಹುತೇಕ ತುಂಬಿತು. ನಿರ್ಗುಣ ಗುಳಿಗೆ ಪಡೆದವರಲ್ಲಿ ಹಾಗಾದುದು ನೂರಕ್ಕೆ ಮೂರರಿಂದ ಆರು ಮಂದಿಗೆ. 2022ರ ಜೂನಿನಲ್ಲಿ ಅಮೆರಿಕದ ಔಷಧ ಆಡಳಿತ ಅದಕ್ಕೆ ಸಮ್ಮತಿಯಿತ್ತಿತು.

ಈ ಅಂಕಿಗಳಲ್ಲಿರುವ ಪ್ರಾಮಾಣಿಕತೆಯನ್ನು ಓದುಗರು ಗಮನಿಸಬೇಕು. ಎಲ್ಲರಿಗೂ ಗುಣವೆಂದು ಅವು ಹೇಳುವುದಿಲ್ಲ. ಮೂವರಲ್ಲಿ ಒಬ್ಬರಿಗಿಂತ ತುಸು ಹೆಚ್ಚೆಂದು ಹೇಳುತ್ತವೆ. ಮದ್ದು ಬಿಟ್ಟರೆ ರೋಗ ಮರಳಬಹುದೆಂದೂ, ಸೋಂಕಿನ ಭಯವುಂಟೆಂದೂ ಮುಚ್ಚುಮರೆಯಿಲ್ಲದೆ ತಿಳಿಸುತ್ತವೆ. ಗಂಡಸರ ಸಾಮಾನ್ಯವಾದ ಬೊಕ್ಕತಲೆಯ ಮದ್ದುಗಳಿಗೂ ಇದೇ ಮಾತು ಸಲ್ಲುತ್ತದೆ. ವೃಷಣಗಳಿಲ್ಲದವರಿಗೆ ಬೊಕ್ಕತಲೆ ಬರುವುದಿಲ್ಲವೆಂದೂ, ಪುರುಷ ಹಾರ್ಮೋನು ಕೊಟ್ಟಾಗ ಅಂಥವರಲ್ಲಿ ಕೆಲವರಿಗೆ ಬರುವುದೆಂದೂ ಜೇಮ್ಸ್ ಹ್ಯಾಮಿಲ್ಟನ್ 1942ರಲ್ಲಿ ತೋರಿಸಿದ ಮೇಲೆ ಅದರ ಕಾರಣ ಸ್ಪಷ್ಟವಾಯಿತು. ರಕ್ತದೊತ್ತಡದ ಮದ್ದಾಗಿ ಬಂದ ಮಿನಾಕ್ಸಿಡಿಲ್ ಅನಿರೀಕ್ಷಿತವಾಗಿ ರೋಮ ಬೆಳೆಸುವುದನ್ನು ಕಂಡು ತಲೆಗೆ ಹಚ್ಚುವ ದ್ರವವಾಗಿ 1988ರಲ್ಲಿಯೂ, ಪ್ರಾಸ್ಟೇಟ್ ಗ್ರಂಥಿಯ ಮದ್ದಾಗಿದ್ದ ಫಿನಾಸ್ಟೆರೈಡ್ 1997ರಲ್ಲಿಯೂ ಅಮೆರಿಕದಲ್ಲಿ ಅನುಮತಿ ಪಡೆದವು. ಎರಡೂ ಕೆಲವರಿಗೆ ಉಪಕಾರ ಮಾಡುತ್ತವೆ. ನಿಲ್ಲಿಸಿದರೆ ಗಳಿಸಿದ್ದು ಹೋಗುತ್ತದೆ. ಈ ಮಿತಿಯನ್ನು ಹೇಳುವ ಧೈರ್ಯ ಯಾವ ಮದ್ದಿಗುಂಟೋ ಅದನ್ನೇ ನಾವು ನಂಬಬಹುದು.

ಹೀಗೆಂದ ಮಾತ್ರಕ್ಕೆ ನಮ್ಮ ನಾಡಿನ ಔಷಧಿಗಳನ್ನು ಅಲ್ಲಗಳೆಯುವ ಉದ್ದೇಶ ನನಗಿಲ್ಲ. ತೊನ್ನಿಗೆ ಬಾವಂಚಿಯ ಬೀಜವನ್ನು ಅರೆದು ಹಚ್ಚಿ ಬಿಸಿಲಿಗೆ ಕೂರಿಸುವ ಕ್ರಮ ನಮ್ಮಲ್ಲಿ ಬಹು ಪ್ರಾಚೀನವಾದುದು. ಅದರಲ್ಲಿರುವ ಸೊರಾಲೆನ್ ಎಂಬ ಪದಾರ್ಥ ಸೂರ್ಯಪ್ರಕಾಶದೊಡನೆ ಕೂಡಿ ವರ್ಣಕೋಶಗಳನ್ನು ಎಚ್ಚರಿಸಬಲ್ಲದೆಂಬುದು ಸಿದ್ಧವಾದ ಸಂಗತಿ. ಅದೇ ವರ್ಗದ ಪದಾರ್ಥವನ್ನು ಈಜಿಪ್ಟಿನ ಗಿಡವೊಂದರಿಂದ ಪಡೆದು ಕೈರೋದ ಅಬ್ದೆಲ್ ಮೊನೆಮ್ ಎಲ್ ಮೊಫ್ತಿ 1940ರ ದಶಕದಲ್ಲಿ ತೊನ್ನಿನ ಚಿಕಿತ್ಸೆಯನ್ನು ಕ್ರಮಬದ್ಧಗೊಳಿಸಿದರು. 1974ರಲ್ಲಿ ಹಾರ್ವರ್ಡಿನ ವೈದ್ಯರು ಅದನ್ನು ಅಳತೆಮಾಡಿದ ಅತಿನೇರಳೆ ಬೆಳಕಿನೊಡನೆ ಜೋಡಿಸಿ ಸೋರಿಯಾಸಿಸ್ಸಿಗೂ ಬಳಸಿದರು. ಅಳತೆಯಿಲ್ಲದೆ ಹಚ್ಚಿದರೆ ಇದೇ ಬಾವಂಚಿ ಬೊಬ್ಬೆಯೆಬ್ಬಿಸಿ ಸುಡುತ್ತದೆ. ಪರಂಪರೆಯ ಮದ್ದಿಗೆ ನಾವು ಸಲ್ಲಿಸಬಹುದಾದ ಪರಮಗೌರವವೆಂದರೆ ಅದನ್ನು ಪರೀಕ್ಷೆಗೆ ನಿಲ್ಲಿಸುವುದು.

ಪರೀಕ್ಷೆಯೂ ನಿಯಮವೂ ಇಲ್ಲದಿದ್ದರೆ ಏನಾಗುವುದೆಂಬುದನ್ನು ಹುಳುಕಡ್ಡಿ ಇಂದು ನಮಗೆ ಕಲಿಸುತ್ತಿದೆ. ವಿಶಾಖಪಟ್ಟಣ, ಮಂಗಳೂರು, ಉಡುಪಿಗಳಂಥ ಬೆವರಿನ ಊರುಗಳಲ್ಲಿ ಮೊದಲಿನಿಂದಲೂ ಇದ್ದ ಈ ಶಿಲೀಂಧ್ರರೋಗ, ಎರಡು ವಾರದ ಮುಲಾಮಿನಿಂದ ಗುಣವಾಗುತ್ತಿತ್ತು. ಆದರೆ ತೀವ್ರವಾದ ಸ್ಟೆರಾಯ್ಡನ್ನು ಶಿಲೀಂಧ್ರನಾಶಕದೊಡನೆಯೂ ಜೀವಾಣುನಾಶಕದೊಡನೆಯೂ ಬೆರೆಸಿದ ಟ್ಯೂಬುಗಳು ಚೀಟಿಯಿಲ್ಲದೆ ಬಿಕರಿಯಾಗತೊಡಗಿದವು. ಸ್ಟೆರಾಯ್ಡು ತುರಿಕೆಯನ್ನು ಒಂದೇ ರಾತ್ರಿಯಲ್ಲಿ ಅಡಗಿಸುತ್ತದೆ. ರೋಗಿ ಸಂತೋಷಪಟ್ಟು ನಿಲ್ಲಿಸುತ್ತಾನೆ. ಚರ್ಮದ ರಕ್ಷಣೆ ಕುಗ್ಗಿದಲ್ಲಿ ಶಿಲೀಂಧ್ರ ನೆಮ್ಮದಿಯಿಂದ ಹರಡುತ್ತದೆ. ಕೊನೆಗೆ ಟರ್ಬಿನಾಫಿನ್ ಎಂಬ ಮುಖ್ಯವಾದ ಮದ್ದಿಗೆ ಜಗ್ಗದ ತಳಿಯೊಂದು ನಮ್ಮ ಉಪಖಂಡದಲ್ಲಿ ಪ್ರಬಲವಾಗಿ, 2020ರಲ್ಲಿ ವಿಜ್ಞಾನಿಗಳು ಅದಕ್ಕೆ ಟ್ರೈಕೋಫೈಟಾನ್ ಇಂಡೋಟಿನಿಯೆ ಎಂದು ಭಾರತದ ಹೆಸರನ್ನೇ ಇಟ್ಟರು. 2023ರಲ್ಲಿ ಅದು ನ್ಯೂಯಾರ್ಕಿನಲ್ಲಿಯೂ ಪತ್ತೆಯಾಯಿತು. ಇದೇ ಸ್ಟೆರಾಯ್ಡು ಮುಲಾಮುಗಳನ್ನು ಬೆಳ್ಳಗಾಗುವ ಆಸೆಯಿಂದ ತಿಂಗಳುಗಟ್ಟಲೆ ಹಚ್ಚಿ, ಮುಖದ ಚರ್ಮ ತೆಳುವಾಗಿ, ಕೆಂಪಡರಿ, ಬಿಸಿಲಿಗೆ ಹೋಗಲಾರದ ಸ್ಥಿತಿಗೆ ಬಂದ ತರುಣಿಯರನ್ನು ಚರ್ಮರೋಗ ತಜ್ಞರು ನಿತ್ಯವೂ ಕಾಣುತ್ತಿದ್ದಾರೆ.

ನಿಯಮಗಳಿಲ್ಲವೆಂದಲ್ಲ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯಿದೆ ತೊನ್ನು ಕುಷ್ಠಗಳನ್ನು ಗುಣಪಡಿಸುವೆವೆಂಬ ಜಾಹೀರಾತನ್ನು ನಿಷೇಧಿಸಿದೆ. ಔಷಧ ನಿಯಮಾವಳಿಯ ಜೆ ಅನುಸೂಚಿ ಬೊಕ್ಕತಲೆಯನ್ನು ನೀಗಿಸುವ, ಹೊಸ ಕೂದಲನ್ನು ತರಿಸುವ, ಬಣ್ಣವನ್ನು ಬಿಳಿದುಮಾಡುವ ವಾಗ್ದಾನಗಳನ್ನು ಔಷಧಿಗಳು ಮಾಡಬಾರದೆನ್ನುತ್ತದೆ. 2018ರ ಮಾರ್ಚಿನಲ್ಲಿ ಕೇಂದ್ರ ಸರಕಾರ ಸ್ಟೆರಾಯ್ಡು ಮುಲಾಮುಗಳನ್ನು ವೈದ್ಯರ ಚೀಟಿಯಿದ್ದರೆ ಮಾತ್ರ ಮಾರತಕ್ಕವುಗಳ ಪಟ್ಟಿಗೆ ಸೇರಿಸಿತು. ಇಷ್ಟಾದರೂ ಆ ವಾಗ್ದಾನಗಳು ಮೊಬೈಲಿನ ಪರದೆಯ ಮೇಲೂ, ದೂರದರ್ಶನದಲ್ಲಿಯೂ, ಹೇಳಲು ನೋವಾಗುತ್ತದೆ, ಪತ್ರಿಕೆಗಳ ಪುಟಗಳಲ್ಲಿಯೂ ಕಾಣಿಸುತ್ತಲೇ ಇವೆ. ಮಧ್ಯಪುಟದಲ್ಲಿ ವಿವೇಕವನ್ನು ಬೋಧಿಸಿ ಹಿಂಪುಟದಲ್ಲಿ ಅವಿವೇಕಕ್ಕೆ ಸ್ಥಳವನ್ನು ಮಾರುವುದು ಪತ್ರಿಕಾಧರ್ಮಕ್ಕೆ ಒಪ್ಪುವುದಿಲ್ಲ.

ಹಾಗಾದರೆ ಮಾಡತಕ್ಕದ್ದೇನು? ಮೊದಲನೆಯದು, ಇರುವ ಕಾನೂನನ್ನು ಔಷಧ ನಿಯಂತ್ರಣ ಇಲಾಖೆಗಳು ಅಂಗಡಿಯ ಮಟ್ಟದಲ್ಲಿ ಜಾರಿಗೊಳಿಸಬೇಕು. ಸ್ಟೆರಾಯ್ಡು ಬೆರೆತ ಟ್ಯೂಬಿನ ಮೇಲೆ ಆ ಊರಿನ ಭಾಷೆಯಲ್ಲಿ ದಪ್ಪಕ್ಷರದ ಎಚ್ಚರಿಕೆ ಇರಬೇಕು. ಎರಡನೆಯದು, ನಮ್ಮ ಮೈಗಳ ರೋಗವನ್ನು ನಾವೇ ಅಭ್ಯಸಿಸಬೇಕು. ವಿಶಾಖಪಟ್ಟಣದ ಆಂಧ್ರ ವೈದ್ಯಕೀಯ ಕಾಲೇಜು 1923ರಲ್ಲಿಯೂ, ನಮ್ಮ ಮೈಸೂರು ವೈದ್ಯಕೀಯ ಕಾಲೇಜು 1924ರಲ್ಲಿಯೂ ಪ್ರಾರಂಭವಾದವು. ಶತಮಾನದ ಅನುಭವವುಳ್ಳ ಇಂಥ ಸಂಸ್ಥೆಗಳ ಚರ್ಮರೋಗ ವಿಭಾಗಗಳ ಹೊರರೋಗಿ ಸಾಲುಗಳಲ್ಲಿ ನಿಂತಿರುವ ಜನರಷ್ಟು ದೊಡ್ಡ ಸಂಶೋಧನಾಕ್ಷೇತ್ರ ಪಾಶ್ಚಾತ್ಯ ವಿಶ್ವವಿದ್ಯಾಲಯಗಳಿಗೆ ದೊರಕಲಾರದು. ಹುಳುಕಡ್ಡಿಯ ಯಾವ ತಳಿ ಯಾವ ಜಿಲ್ಲೆಯಲ್ಲಿದೆ, ಯಾವ ಮದ್ದಿಗೆ ಬಗ್ಗುತ್ತದೆ, ನಮ್ಮ ಬಣ್ಣದ ಚರ್ಮದಲ್ಲಿ ಸೋರಿಯಾಸಿಸ್ಸು ಹೇಗೆ ತೋರುತ್ತದೆ ಎಂಬುದನ್ನು ಅವು ಒಟ್ಟಾಗಿ ದಾಖಲಿಸುವಂತೆ ಹಣವೂ ಪ್ರಯೋಗಾಲಯವೂ ದೊರೆಯಬೇಕು. ಸುಬ್ಬರಾವ್ ಅವರ ತಂಡವೇ ರೂಪಿಸಿದ ಡೈಇಥೈಲ್‌ಕಾರ್ಬಮಜಿನ್ ಎಂಬ ಗುಳಿಗೆಯನ್ನು ಆನೆಕಾಲು ರೋಗವನ್ನು ತಡೆಯಲು ನಮ್ಮ ಸರಕಾರಗಳು ಕೋಟ್ಯಂತರ ಜನರಿಗೆ ಮನೆಮನೆಗೆ ಹೋಗಿ ಹಂಚಿವೆ. ಮನಸ್ಸಿದ್ದರೆ ಎಷ್ಟು ದೊಡ್ಡ ಕಾರ್ಯವೂ ಸಾಧ್ಯವೆಂಬುದಕ್ಕೆ ಅದು ಸಾಕ್ಷಿ. ಮೂರನೆಯದು, ಬೆಲೆ. ಜಾಕ್ ತಡೆಯುವ ಮದ್ದುಗಳಾಗಲಿ ಇತರ ನವೀನ ಚುಚ್ಚುಮದ್ದುಗಳಾಗಲಿ ಶ್ರೀಮಂತರ ತಲೆಗೂ ಚರ್ಮಕ್ಕೂ ಮೀಸಲಾಗಬಾರದು. ಸೋರಿಯಾಸಿಸ್ಸು, ಇಂದ್ರಲುಪ್ತ, ತೊನ್ನುಗಳನ್ನು ಸೌಂದರ್ಯಚಿಕಿತ್ಸೆಯೆಂದು ವಿಮೆಯಿಂದಲೋ ಸರಕಾರಿ ಆರೋಗ್ಯ ಯೋಜನೆಯಿಂದಲೋ ಹೊರಗಿಡುವುದು ಅನ್ಯಾಯ.

ನಾಲ್ಕನೆಯದು ಸರಕಾರದ ಕೈಯಲ್ಲಿಲ್ಲ, ನಮ್ಮ ಕೈಯಲ್ಲಿದೆ. ಸೋರಿಯಾಸಿಸ್ಸು ಮುಟ್ಟಿದರೆ ಅಂಟುವುದಿಲ್ಲ, ತೊನ್ನೂ ಅಂಟುವುದಿಲ್ಲ, ಇಂದ್ರಲುಪ್ತವೂ ಅಂಟುವುದಿಲ್ಲ. ಈ ಮೂರು ವಾಕ್ಯಗಳನ್ನು ಶಾಲೆಯ ಪಠ್ಯಪುಸ್ತಕದಲ್ಲಿ ಅಚ್ಚುಹಾಕಿಸಿ, ಹೆಣ್ಣು ನೋಡಲು ಬರುವ ಹಿರಿಯರಿಗೂ, ಬಾಡಿಗೆಗೆ ಮನೆ ಕೊಡುವವರಿಗೂ, ಪಕ್ಕದ ಬೆಂಚಿನ ಮಗುವಿನ ತಾಯಿಗೂ ತಿಳಿಯಹೇಳಿದರೆ, ರೋಗಿಯ ಎದೆಯ ಮೇಲಿನ ಭಾರದಲ್ಲಿ ಅರ್ಧ ಅಂದೇ ಇಳಿದೀತು. ಭಾರವಿಳಿದವನಿಗೆ ಅವಸರವಿರುವುದಿಲ್ಲ, ಅವಸರವಿಲ್ಲದವನು ಅಂಗಡಿಯ ಟ್ಯೂಬಿಗೆ ಕೈ ಚಾಚುವ ಮೊದಲು ವೈದ್ಯನ ಬಳಿ ಕುಳಿತು, ಈ ಮದ್ದನ್ನು ಎಷ್ಟು ಜನರಲ್ಲಿ ಪರೀಕ್ಷಿಸಿದ್ದಾರೆ, ಎಷ್ಟು ಮಂದಿಗೆ ಗುಣವಾಗಿದೆ, ನಿಲ್ಲಿಸಿದರೆ ಏನಾಗುತ್ತದೆ ಎಂದು ಕೇಳಬಲ್ಲನು. ಅಂಥ ಪ್ರಶ್ನೆಗಳನ್ನು ಕೇಳುವ ರೋಗಿಗಳು ಹೆಚ್ಚಿದಷ್ಟೂ ಸುಳ್ಳು ಮದ್ದಿನ ಸಂತೆ ಕಿರಿದಾಗುವುದು. ನಿಜವಾದ ಸಂಶೋಧನೆಗೆ ನೆಲ ಹದವಾಗುವುದು.